ಕೊನೆಯ ಎಂಟು ಸಾಲು

ಆ ಬೆಳಿಗ್ಗೆ ಊರಿನ ಮೇಲೆ ಮಂಜಿನ ಕಾವಳ ಕವಿದಿತ್ತು. ಎದುರುಮನೆಯ ಹುಸೇನಸಾಬನ ಬಳೆ ಅಂಗಡಿಯ ಹಸಿರು ಬಾಗಿಲು ಕೂಡ ಕಾಣದಷ್ಟು ದಟ್ಟ. ಗಾಳಿ ಒಂದಿಷ್ಟೂ ಇರಲಿಲ್ಲ. ಬಂಡೆಗುಡ್ಡದ ಮೇಲಿಂದ ಇಳಿದ ಆ ತೇವ ಕಿಟಕಿಯಿಂದ ಒಳಗೆ ಬಂದು ಮಗ್ಗದ ಹಾಸಿನ ಮೇಲೆ ಕೂತು, ನೂಲಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಥ ದಿನ ನಮ್ಮ ಓಣಿಯಲ್ಲಿ ಯಾರೂ ಲಾಳಿ ಮುಟ್ಟುವುದಿಲ್ಲ. ನಾನು ಚೌಡವ್ವನ ಪಟದ ಮುಂದೆ ದೀಪ ಹಚ್ಚಿ, ಕೈಮುಗಿದು, ನಲವತ್ತೊಂದು ವರ್ಷದಿಂದ ದಿನವೂ ಹೇಳುತ್ತ ಬಂದ ಆ ಎಂಟು ಸಾಲುಗಳನ್ನು ತುಟಿಯೊಳಗೇ ಹೇಳಿ ಮುಗಿಸಿ, ಚಹಾಕ್ಕೆ ನೀರಿಟ್ಟಿದ್ದೆ. ಆಗ ಹಿಂದಿನ ಓಣಿಯ ಕಾಶವ್ವ ಬಂದಳು. ನನಗಿಂತ ಒಂದು ವರ್ಷ ಸಣ್ಣವಳು, ಸಣ್ಣಂದಿನಿಂದಲೂ ನನ್ನ ಗೆಳತಿ.

"ಏ ಚಂಪವ್ವಾ, ಒಳಗ ಅದೀಯೇನ? ಗ್ವಾಡಿ ತಡವ್ಕೊಂತ ಬಂದೀನಿ ನೋಡು. ನಡುದಾರ್ಯಾಗ ಯಾರದೋ ಎಮ್ಮೀನೂ ತಡವಿದೆ. ನನಗಿಂತ ಅದಕ್ಕ ಭಾಳ ಸಿಟ್ಟು ಬಂತು."

"ಕೂಡು. ಚಾ ಆಗಾಕತ್ತೈತಿ."

"ಚಾ ಆಮ್ಯಾಲ. ನಿನಗೊಂದು ಸುದ್ದಿ ಮೊದಲು ಹೇಳಬೇಕನ್ನಿಸ್ತು." ಸೆರಗಿನಿಂದ ಮುಖದ ತೇವ ಒರೆಸಿಕೊಂಡು ನಕ್ಕಳು. "ನನ್ನ ಇಂಗ್ಲಿಷು ಕಾವ್ಯಾನ ನಾಳಿ ಮುಂಜಾನೆ ನಮ್ಮ ಓಣಿ ಕಸ್ತೂರಿಗೆ ಕೊಟ್ಟಬಿಡ್ತೀನಿ. ಪಾಪ, ಒಂದ ತಿಂಗಳಿಂದ ಬೆನ್ನಹತ್ತ್ಯಾಳ ಹುಡುಗಿ. ಆಕಿ ಗಂಡ ಹೋಗಿ ಎರಡು ವರ್ಷ ಆತು, ಒಂದು ಕಾಗದ ಇಲ್ಲ. ಅವರವ್ವ ಮತ್ತೊಬ್ಬನ ಕೂಡ ಉಡಿಕಿ ಮಾಡ್ತೀನಿ ಅಂತಾಳ. ಈಕಿ ಒಲ್ಲೆ ಅಂತಾಳ. ಕಾವ್ಯ ಕೈಯಾಗಿದ್ರ ಕಾಯ್ಕೊಂತ ಕೂಡಾಕ ಧೈರ್ಯ ಬರ್ತೈತಿ ಅಂತ."

ಒಲೆಯ ಮೇಲೆ ನೀರು ಉಕ್ಕಿ ಬೆಂಕಿ ಆರಿತು. ನಾನು ನೋಡುತ್ತಲೇ ನಿಂತಿದ್ದೆ.

ನಮ್ಮೂರಿನಲ್ಲಿ ಕಲಿಸಿದ್ದು ಕಲಿಸಿದವರ ಹತ್ತಿರ ಉಳಿಯುವುದಿಲ್ಲ. ಆಡಿದ ಮಾತು ಉಳಿಯುತ್ತದೆ, ಕೇಳಿದ ಸುದ್ದಿ ಉಳಿಯುತ್ತದೆ. ಆದರೆ ಸಾಲು ಸಾಲಾಗಿ ಹೇಳಿಕೊಟ್ಟು ಇನ್ನೊಬ್ಬರ ಬಾಯಿಗೆ ಹತ್ತಿಸಿದ್ದು ಅವರ ಜೊತೆಗೇ ಎದ್ದು ಹೋಗುತ್ತದೆ. ತಾಯಿಯಾದವಳು ಹಿರಿಮಗಳಿಗೆ ಜೋಗುಳ ಕಲಿಸಿದರೆ, ಕಿರಿಕೂಸನ್ನು ತೂಗಲು ಹಿರಿಮಗಳನ್ನೇ ಕೂಗಿ ಕರೆಯಬೇಕು. ಪುಸ್ತಕಗಳ ಕಥೆಯೂ ಅದೇ. ಓದಿ ಬಾಯಿಪಾಠ ಮಾಡಿಕೊಂಡ ಪುಟ ಬೋಳಾಗಿಬಿಡುತ್ತದೆ. ನಮಗೆ ಇಂಗ್ಲಿಷು ಕಲಿಸಿದ ದೇವದಾನ ಮಾಸ್ತರರ ಮನೆಯ ಕಪಾಟಿನಲ್ಲಿ ಚರ್ಮದ ರಟ್ಟಿನ ಹದಿನಾರು ಪುಸ್ತಕಗಳಿದ್ದವು, ಒಂದರಲ್ಲೂ ಅಕ್ಷರವಿರಲಿಲ್ಲ. ಅವರ ಹೆಂಡತಿ ಆ ಬಿಳಿ ಹಾಳೆಗಳಲ್ಲಿ ಕಸೂತಿಯ ನಕ್ಷೆ ಬರೆದಿಟ್ಟುಕೊಂಡಿದ್ದರು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಮಾಸ್ತರರು ಆ ಪುಸ್ತಕಗಳ ಧೂಳು ತಾವೇ ಒರೆಸುತ್ತಿದ್ದರು.

ಶಾಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಠ. ಮಾಸ್ತರರು ಒಬ್ಬರಿಗೆ ಹೇಳಿಕೊಡುವಾಗ ಉಳಿದವರು ತುಟಿ ಬಿಗಿಹಿಡಿದು ಕೂರಬೇಕು. ವರ್ಷವಿಡೀ ಅದನ್ನು ಇಟ್ಟುಕೊಂಡು, ಯುಗಾದಿ ಅಮಾವಾಸ್ಯೆಯ ದಿನ ಮಾಸ್ತರರ ಮುಂದೆ ನಿಂತು ಒಪ್ಪಿಸಬೇಕು. ಅವರು ಕಣ್ಣು ಮುಚ್ಚಿ, ಎರಡು ಕೈ ಬೊಗಸೆ ಮಾಡಿಕೊಂಡು, ಒಂದೊಂದು ಸಾಲನ್ನೂ ತಿರುಗಿ ಹೇಳಿ, "ಬಂತು" ಅನ್ನುತ್ತಿದ್ದರು. ಅಲ್ಲಿಗೆ ಅದು ಅವರದು. ಮುಂದಿನ ವರ್ಷ ಇನ್ನೊಂದು ಮಗುವಿಗೆ. ಶಾಲೆ ಬಿಡುವಾಗ ಯಾರಿಗಾದರೂ ಒಂದು ಪಾಠ ನಿಜಕ್ಕೂ ಬೇಕು ಎಂದು ಅವರಿಗೆ ಕಂಡರೆ, "ಇಟ್ಕೋ, ಬೇಕಾದವರು ಬಂದಾಗ ಕೊಡು" ಎಂದು ಬಿಟ್ಟುಕೊಡುವುದೂ ಇತ್ತು. ಹಾಗಾಗಿ ಇಂಗ್ಲಿಷು ನಮ್ಮೂರಲ್ಲಿ ಮನೆ ಮನೆಗೆ ಹಂಚಿಹೋಗಿತ್ತು. ಸರ್ಕಾರಕ್ಕೆ ಒಂದು ಅರ್ಜಿ ಬರೆಯಬೇಕಾದರೆ ನಾಲ್ಕು ಓಣಿ ತಿರುಗಬೇಕು. ಭೂತಕಾಲ ಗಾಣಿಗರ ಸಂಗವ್ವನ ಹತ್ತಿರ. ಆರ್ಟಿಕಲ್ಲುಗಳು ಹುಸೇನಸಾಬನ ಹತ್ತಿರ, ಕೇಳಿದವರಿಗೆ ಬಳೆ ತೊಡಿಸುವಷ್ಟೇ ಹುಷಾರಾಗಿ ಒಂದೊಂದನ್ನೇ ಇಡಬೇಕಾದಲ್ಲಿ ಇಟ್ಟುಕೊಡುತ್ತಿದ್ದ. ಪ್ರಿಪೊಸಿಷನ್ನುಗಳು ಹಡಪದ ಮಲ್ಲಪ್ಪನ ಹತ್ತಿರ. ಒಮ್ಮೆ ಸಂಗವ್ವನಿಗೂ ಮಲ್ಲಪ್ಪನಿಗೂ ಕಟ್ಟೆಯ ನೆರಳಿನ ವಿಷಯಕ್ಕೆ ಜಗಳ ಹತ್ತಿ, "ನನ್ನ ಭೂತಕಾಲ ಆ ಮನಿ ಹೊಸ್ತಲಾ ದಾಟೂದಿಲ್ಲ" ಎಂದು ಆಕೆ ಕೂತುಬಿಟ್ಟಳು. ಆರು ತಿಂಗಳು ಊರಿನಿಂದ ಹೋದ ಅರ್ಜಿಗಳಲ್ಲೆಲ್ಲ ಯಾವುದೂ ಆಗಿ ಮುಗಿದಿರಲೇ ಇಲ್ಲ. ಬಾವಿ ಕುಸಿಯುತ್ತಲೇ ಇತ್ತು, ಮುದುಕ ಸಾಯುತ್ತಲೇ ಇದ್ದ.

ನಗಬಹುದು. ನಾವೂ ನಗುತ್ತಿದ್ದೆವು. ಆದರೆ ಒಂದು ಪಾಠವನ್ನು ಹತ್ತು ವರ್ಷ ಇಪ್ಪತ್ತು ವರ್ಷ ಬಾಯಲ್ಲಿಟ್ಟುಕೊಂಡವರು ಮೆಲ್ಲಗೆ ಅದರ ಹಾಗೇ ಆಗುತ್ತಾರೆ. ಸಂಗವ್ವ ಹಳೆಯದು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಆಜ್ಞಾರ್ಥ ಹಿಡಿದ ಗಿರಣಿ ಕೆಂಚಪ್ಪ ಎಮ್ಮೆಗೂ ಮಳೆಗೂ ಅಪ್ಪಣೆ ಕೊಡುತ್ತಿದ್ದ. ಇದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಮಾಸ್ತರರು ಯಾವ ಮಗುವಿಗೆ ಏನು ಕೊಡುವುದೆಂದು ರಾತ್ರಿ ಮೊಣಕಾಲೂರಿ ದೇವರನ್ನು ಕೇಳಿಕೊಳ್ಳುತ್ತಿದ್ದರಂತೆ.

ನನಗೆ ಅವರು ಕೊಟ್ಟದ್ದು ವ್ಯಾಕರಣವಲ್ಲ, ಕಾವ್ಯ. ಆಗ ನನಗೆ ಹದಿನಾರು. ಅದು ಇಂಗ್ಲಿಷಿನ ಬಹಳ ಹಳೆಯ ಕಾವ್ಯ. ಬರೆದವರ ಹೆಸರು ಪುಟದ ಜೊತೆಗೇ ಅಳಿಸಿಹೋಗಿತ್ತು. ಉಪ್ಪು ಮಾರುವವನೊಬ್ಬ ದೋಣಿಯಲ್ಲಿ ಹೋದವನು ತಿರುಗಿ ಬರುವುದಿಲ್ಲ. ಅವನ ಹೆಂಡತಿ ಅವನನ್ನು ಹುಡುಕಿಕೊಂಡು ಹನ್ನೆರಡು ದ್ವೀಪ ದಾಟುತ್ತಾಳೆ. ಪ್ರತಿ ದ್ವೀಪದಲ್ಲೂ ಒಬ್ಬರನ್ನು ಕೇಳುತ್ತಾಳೆ, ಒಂದೊಂದು ಉತ್ತರ ಸಿಗುತ್ತದೆ. ಹನ್ನೆರಡನೆಯದರಲ್ಲಿ ಮನುಷ್ಯರೇ ಇಲ್ಲ, ಬರೀ ಹಕ್ಕಿಗಳು. ಅಲ್ಲಿ ಆಕೆ ನೀರಿನ ಅಂಚಿಗೆ ಕೂರುತ್ತಾಳೆ. ಇಷ್ಟು ಕಥೆ ಊರಿಗೆಲ್ಲ ಗೊತ್ತು, ಮಾತಿನಲ್ಲಿ ಓಡಾಡಿದ್ದು. ಅದರ ಆಮೇಲೆ ಎಂಟು ಸಾಲುಗಳಿದ್ದವು. ಅವು ಗೊತ್ತಿದ್ದದ್ದು ಮಾಸ್ತರರಿಗೆ, ಅವರಿಂದ ನನಗೆ.

ಆ ವರ್ಷ ಶ್ರಾವಣದಲ್ಲಿ ನನ್ನ ಅವ್ವ ತೀರಿಕೊಂಡಳು. ಅಪ್ಪ ಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಲಾಳಿ ಎಸೆಯುತ್ತಿರಲಿಲ್ಲ. ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಹುಸೇನಸಾಬನ ತಾಯಿ ರೊಟ್ಟಿ ತಂದಿಟ್ಟರೆ ಉಂಡೆವು, ಇಲ್ಲದಿದ್ದರೆ ಇಲ್ಲ. ಒಂದು ಬೆಳಿಗ್ಗೆ ಯಾಕೋ ಆ ಕೊನೆಯ ಸಾಲುಗಳು ತಾವಾಗಿಯೇ ಬಾಯಿಗೆ ಬಂದವು. ಹೇಳಿಕೊಳ್ಳುತ್ತಲೇ ಎದ್ದೆ, ಬೂದಿ ಬಳಿದು ತೆಗೆದೆ, ಒಲೆ ಹಚ್ಚಿದೆ. ಅಂದಿನಿಂದ ಅವು ನನಗೆ ದೇವರ ಪ್ರಾರ್ಥನೆಯಾದವು. ಚೌಡವ್ವನ ಮುಂದೆ ದೀಪ ಹಚ್ಚಿ ಅವನ್ನೇ ಹೇಳುತ್ತಿದ್ದೆ. ದೇವಿಗೆ ಇಂಗ್ಲಿಷು ಬರುತ್ತಿತ್ತೋ ಇಲ್ಲವೋ ತಿಳಿಯದು. ನನ್ನ ಕೈಗೆ ಶಕ್ತಿಯಂತೂ ಬರುತ್ತಿತ್ತು.

ಯುಗಾದಿ ಅಮಾವಾಸ್ಯೆ ಬಂತು. ನಾನು ಮಾಸ್ತರರ ಮುಂದೆ ನಿಂತು ಒಪ್ಪಿಸಿದೆ. ಒಂದು ದ್ವೀಪ, ಎರಡು ದ್ವೀಪ, ಪ್ರತಿ ಸಾಲಿಗೂ "ಬಂತು, ಬಂತು" ಎಂಬ ಅವರ ಮೆಲುದನಿ. ಕೊಡುತ್ತ ಕೊಡುತ್ತ ನನ್ನೊಳಗೆ ಖಾಲಿಯಾಗುವುದು ತಿಳಿಯುತ್ತಿತ್ತು. ಹನ್ನೆರಡನೆಯ ದ್ವೀಪಕ್ಕೆ ಬಂದು, ಆಕೆಯನ್ನು ನೀರಿನ ಅಂಚಿಗೆ ಕೂರಿಸಿ, ನಾನು ಬಾಯಿ ಮುಚ್ಚಿದೆ.

ಮಾಸ್ತರರು ಕಣ್ಣು ಮುಚ್ಚಿಕೊಂಡೇ ಕಾದರು. ಬೊಗಸೆ ಹಾಗೇ ಇತ್ತು.

"ಇಷ್ಟೇ ಏನವಾ, ಚಂಪಾ?"

"ಇಷ್ಟೇ ರೀ, ಸರ್."

"ಇನ್ನೂ ಏನೋ ಇತ್ತು ಅನಸ್ತದ." ಹಣೆ ತಿಕ್ಕಿಕೊಂಡರು. "ಮೆಟ್ಟಲಾ ಇಳಿಯೂಮುಂದ ಇನ್ನೊಂದು ಅದ ಅಂತ ಕಾಲು ಇಟ್ಟಂಗ ಆಗ್ತದ ನೋಡು, ಹಂಗ."

"ಇಲ್ರೀ, ಸರ್."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಆ ನೋಟದಲ್ಲಿ ಸಂಶಯವಿರಲಿಲ್ಲ. ಕೊಟ್ಟುಬಿಟ್ಟವರಿಗೆ ತಮ್ಮದೇನಿತ್ತು ಎಂದು ತಿಳಿಯದ ಊರಿನಲ್ಲಿ, ಹಿಡಿದವರ ಮಾತನ್ನೇ ನಂಬಬೇಕು. ಅದರ ಮೇಲೇ ನಮ್ಮ ಶಾಲೆ ನಿಂತಿತ್ತು.

"ಹಂಗಾದ್ರ ಇಲ್ಲ. ನೀ ಅಂದಮ್ಯಾಲ ಮುಗೀತು," ಎಂದು ಬೊಗಸೆ ಮುಚ್ಚಿಕೊಂಡರು.

ಹೊರಗೆ ಬಂದು ಶಾಲೆಯ ಹಿಂದೆ ನಿಂತು ಅಳು ಬರುತ್ತದೆಯೇನೋ ಎಂದು ಕಾದೆ. ಬರಲಿಲ್ಲ. ಬರೀ ಹಗುರವೆನಿಸಿತು. ಎಂಟೇ ಸಾಲು, ಇನ್ನೊಂದು ವರ್ಷ ಇಟ್ಟುಕೊಂಡು ಕೊಟ್ಟರಾಯಿತು, ಅಪ್ಪ ಮೊದಲಿನಂತಾಗಲಿ ಎಂದುಕೊಂಡೆ. ಆ ಇನ್ನೊಂದು ವರ್ಷಕ್ಕೆ ಮತ್ತೆ ಇನ್ನೊಂದು ಸೇರಿತು.

ಮುಂದಿನ ವರ್ಷ ಮಾಸ್ತರರು ಆ ಕಾವ್ಯವನ್ನು ಕಾಶವ್ವನಿಗೆ ಕೊಟ್ಟರು. ಆ ವರ್ಷವೇ ಅವಳಿಗೆ ಮದುವೆಯಾಯಿತು, ಭರಮಪ್ಪ ಅಂತ, ಒಳ್ಳೆಯ ಹುಡುಗ, ನಗುವಾಗ ಕಿವಿ ಅಲ್ಲಾಡುತ್ತಿದ್ದವು. ಮದುವೆಯಾದ ಆರನೇ ತಿಂಗಳಿಗೆ ಗುಡ್ಡದಾಚೆ ರಸ್ತೆ ಕಡಿಯುವ ಗುಂಪಿನ ಜೊತೆ ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಯುಗಾದಿ ಅಮಾವಾಸ್ಯೆಗೆ ಒಪ್ಪಿಸಲು ಬಂದ ಕಾಶವ್ವನ ಮುಖ ನೋಡಿ ಮಾಸ್ತರರು ಬೊಗಸೆ ಒಡ್ಡಲೇ ಇಲ್ಲ. "ಇಟ್ಕೋವಾ. ಈಗ ಇದು ನಿನಗ ಬೇಕು," ಅಂದರಂತೆ. ದೇವರಂಥ ಮನುಷ್ಯ. ತಾವು ಕೊಟ್ಟ ಪಾತ್ರೆಯ ತಳ ನಾನು ಒಡೆದಿಟ್ಟದ್ದು ಅವರಿಗೆ ಹೇಗೆ ಗೊತ್ತಾಗಬೇಕು?

ಏಳು ವರ್ಷ ಕಳೆಯಿತು. ಅಷ್ಟರಲ್ಲಿ ನನಗೆ ಮದುವೆಯಾಗಿ ಇಬ್ಬರು ಗಂಡುಮಕ್ಕಳಾಗಿದ್ದರು. ಮನೆಯಲ್ಲಿ ಎರಡು ಮಗ್ಗ ಓಡುತ್ತಿದ್ದವು. ಕಂಚುಗಾರ ಓಣಿಯ ನೀಲಕಂಠ ಎಂಬುವವನಿಗೆ ಹೆಂಡತಿ ತೀರಿಕೊಂಡು ಒಂದು ಸಣ್ಣ ಹೆಣ್ಣುಮಗುವಿತ್ತು. ಗಂಭೀರ ಮನುಷ್ಯ, ಗಂಟೆ ಎರಕ ಹೊಯ್ಯುವವನು. ಒಂದು ಸಂಜೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು, "ಕಾಶವ್ವಗ ಒಂದು ಮಾತು ಕೇಳಬೇಕ್ರಿ, ಚಂಪಕ್ಕ. ನೀವ ಕೇಳಿದ್ರ ಛಲೋ," ಅಂದ. ಉಡಿಕೆ ನಮ್ಮಲ್ಲಿ ತಪ್ಪಲ್ಲ; ಗಂಡ ಸತ್ತವಳೂ, ಗಂಡ ಬಿಟ್ಟುಹೋದವಳೂ ಮತ್ತೆ ಹೊಸ ಸೀರೆ ಉಟ್ಟು ಬಾಳುವೆ ಮಾಡಬಹುದು. ನಾನು ಸಂತೋಷದಿಂದಲೇ ಹೋದೆ.

ಕಾಶವ್ವ ಹಿತ್ತಿಲಿನಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಕೆನ್ನೆ ಕೆಂಪಾಯಿತು, ಅದನ್ನು ನಾನು ನೋಡಿದೆ. ಹಿಂಡಿದ ಸೀರೆಯನ್ನು ಮತ್ತೊಮ್ಮೆ ಹಿಂಡಿದಳು.

"ಒಳ್ಳೆಯಂವ ಅದಾನ," ಅಂದಳು. "ನನಗೇನು ಕಣ್ಣಿಲ್ಲೇನು? ಆದ್ರ ಚಂಪೀ, ನಾ ಏನು ಹಿಡಿದೀನಿ ಅನ್ನೂದು ನಿನಗ ಗೊತ್ತೈತಲ್ಲ. ಆಕಿ ಹನ್ನೆರಡು ದ್ವೀಪ ದಾಟಿ, ಯಾರೂ ಇಲ್ಲದ ಜಾಗಾದಾಗ ಕೂತಾಳ. ಎದ್ದಿಲ್ಲ. ಅಷ್ಟು ದೊಡ್ಡ ಕಾವ್ಯ ಬರದವರಿಗೆ ಎಬ್ಬಸೂದು ಗೊತ್ತಿರಲಿಲ್ಲೇನು? ಏಳಬಾರದು ಅಂತನ ಕೂಡಿಸ್ಯಾರ. ಮಾಸ್ತರು ದೇವರನ್ನ ಕೇಳಿ ನನಗ ಕೊಟ್ಟಿದ್ದು ಅದು. ನಾ ಹೆಂಗ ಏಳ್ಲಿ?"

ಎಂಟು ಸಾಲು ನನ್ನ ನಾಲಗೆಯ ಮೇಲೆ ಕೂತಿದ್ದವು. ಆ ಬೆಳಿಗ್ಗೆಯಷ್ಟೇ ಹೇಳಿಕೊಂಡು ಬಂದಿದ್ದೆ. ಹೇಳಿದರೆ ಮಾಸ್ತರರಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾಗುತ್ತದೆ. ಪಾಠ ಕದ್ದವಳು ಎಂದು ನನ್ನ ಮಕ್ಕಳಿಗೆ ಯಾರೂ ಏನೂ ಕಲಿಸದೆ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಅವನ್ನು ಒಪ್ಪಿಸಲೇಬೇಕಾಗುತ್ತದೆ, ಅವು ನನ್ನನ್ನು ಬಿಟ್ಟುಹೋಗುತ್ತವೆ. ಈ ಕೊನೆಯದೇ ನಿಜವಾದ ಕಾರಣ ಎಂದು ಈಗ ಹೇಳಬಲ್ಲೆ. ಆಗ ನನಗೆ ನಾನೇ ಮೊದಲೆರಡನ್ನು ಹೇಳಿಕೊಂಡೆ.

"ಆತು ಬಿಡು, ನಿನ್ನ ಮನಸು," ಅಂದೆ. ಅವಳು ಚಹಾ ಮಾಡಿಕೊಟ್ಟಳು. ಕುಡಿದು ಎದ್ದುಬಂದೆ.

ನೀಲಕಂಠ ಎರಡು ವರ್ಷ ಕಾದು ಬೇರೆ ಕಡೆ ಉಡಿಕೆಯಾದ. ಅವನು ಎರಕ ಹೊಯ್ದ ಗಂಟೆಗಳಲ್ಲಿ ಒಂದು ನಮ್ಮ ಚೌಡವ್ವನ ಗುಡಿಯಲ್ಲಿದೆ. ಅದನ್ನು ಬಾರಿಸಿದಾಗಲೆಲ್ಲ ಕಾಶವ್ವ ಮಾಡುತ್ತಿದ್ದ ಕೆಲಸ ನಿಲ್ಲಿಸುವುದನ್ನು ನಾನು ಬಲ್ಲೆ.

ಮಾಸ್ತರರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಕೊನೆಯ ದಿನಗಳಲ್ಲಿ ನಾವಿಬ್ಬರೂ ಅವರ ಮನೆಗೆ ಹೋಗುತ್ತಿದ್ದೆವು. ಒಂದು ಮಧ್ಯಾಹ್ನ, "ಕಾಶವ್ವಾ, ಕಲಸೂದು ಬ್ಯಾಡ, ಸುಮ್ಮನ ಹೇಳು. ಕೇಳಬೇಕು ಅನಸ್ತದ," ಅಂದರು. ಅವಳು ಮಂಚದ ಪಕ್ಕ ಕೂತು ಇಡೀ ಕಾವ್ಯ ಹೇಳಿದಳು. ನಾನು ಅವರ ಕಾಲು ಒತ್ತುತ್ತಿದ್ದೆ. ಹೆಂಗಸು ನೀರಿನ ಅಂಚಿಗೆ ಕೂತಳು. ಕಾಶವ್ವ ನಿಲ್ಲಿಸಿದಳು.

"ಆಮ್ಯಾಲ?" ಅಂದರು ಮಾಸ್ತರರು.

"ಆಮ್ಯಾಲ ಏನಿಲ್ರಿ, ಸರ್. ಅಷ್ಟ."

"ಹೌದು, ಹೌದು. ಅಷ್ಟ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಮಗುವಿನ ಹಾಗೆ, "ಆಮ್ಯಾಲ?"

ಅವರು ನನ್ನ ಕಡೆ ಒಮ್ಮೆ ನೋಡಿದ್ದರೆ ಹೇಳಿಬಿಡುತ್ತಿದ್ದೆ. ನೋಡಲಿಲ್ಲ. ಹೀಗೆ ಅಂದುಕೊಳ್ಳುವುದೂ ಒಂದು ತಪ್ಪಿಸಿಕೊಳ್ಳುವ ದಾರಿಯೇ. ನಾಲ್ಕು ದಿನಕ್ಕೆ ಅವರು ಹೋದರು. ಅವರನ್ನು ಇಗರ್ಜಿಯ ಹಿಂದೆ ಮಣ್ಣುಮಾಡುವಾಗ, ತನ್ನದೇ ಕಾವ್ಯದ ಕೊನೆ ಗೊತ್ತಿಲ್ಲದೆ ಒಬ್ಬ ಮನುಷ್ಯ ಮಣ್ಣಿಗೆ ಹೋಗುತ್ತಿದ್ದಾನೆ ಎಂದು ತಿಳಿದಿದ್ದವಳು ಆ ಗುಂಪಿನಲ್ಲಿ ನಾನೊಬ್ಬಳೇ.

ಈಗ ಕಸ್ತೂರಿ. ಕಾಶವ್ವನಿಗೆ ನೀಲಕಂಠನ ಮಾತು ಬಂದಾಗ ಎಷ್ಟು ವಯಸ್ಸಾಗಿತ್ತೋ ಅಷ್ಟೇ ವಯಸ್ಸು ಈ ಹುಡುಗಿಗೆ.

ಆ ಬೆಳಿಗ್ಗೆ ಕಾಶವ್ವ ಚಹಾ ಕುಡಿದು ಹೋದ ಮೇಲೆ ಮತ್ತೆ ದೇವರ ಮುಂದೆ ಕೂತೆ. ಏನು ಕೇಳಿಕೊಳ್ಳಲಿ? ಬೇರೆಯವರ ತೋಟದ ಹೂವನ್ನು ದಿನವೂ ಕದ್ದು ತಂದು ಏರಿಸಿದವಳು ಯಾವ ಬಾಯಿಂದ ಕೇಳುವುದು? ದೀಪ ನೆಟ್ಟಗೆ ಉರಿಯುತ್ತಿತ್ತು. ಅಡುಗೆ ಮಾಡಿದೆ, ಸೊಸೆಗೆ ಬಡಿಸಿದೆ. ಊಟದ ಹೊತ್ತು ಕಳೆದ ಮೇಲೆ ಕಾಶವ್ವನ ಮನೆಗೆ ನಡೆದೆ.

ಪಡಸಾಲೆಯಲ್ಲಿ ಕಸ್ತೂರಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ತಲೆ ಬಾಚಿಕೊಂಡಿರಲಿಲ್ಲ.

"ಬರ್ರಿ, ದೊಡ್ಡವ್ವ. ಕಾಶತ್ತಿ ಹಿತ್ತಲದಾಗ ಅದಾರ."

"ಯಾಕವಾ, ಕಾವ್ಯ ತಗೋತೀಯಂತ?"

"ಹೂಂರಿ. ನಮ್ಮವ್ವ ದಿನಾ ಒಂದೊಂದು ಹುಡುಗನ ಹೆಸರು ಹೇಳ್ತಾಳ್ರಿ. ನಿನ್ನೆ ಹೇಳಿದಂವಗ ಹಲ್ಲ ಇಲ್ಲ." ತಾನೇ ನಕ್ಕಳು, ಆಮೇಲೆ ನಗು ನಿಂತಿತು. "ಬರೀ 'ಒಲ್ಲೆ' ಅಂದ್ರ ಯಾರೂ ಕೇಳೂದಿಲ್ರಿ. ಕಾವ್ಯ ನನ್ನ ಹತ್ರ ಇದ್ರ, 'ನೋಡ್ರಿ, ನನ್ನ ಪಾಠನ ಹಿಂಗೈತಿ' ಅನ್ಬಹುದು. ಕಾಶತ್ತೀನ್ನ ಯಾರರ ಏನರ ಅಂದಾರೇನ್ರಿ ಇಷ್ಟು ವರ್ಷ?"

ಯಾರೂ ಏನೂ ಅಂದಿರಲಿಲ್ಲ. ಊರೇ ಕಾಶವ್ವನನ್ನು ಗೌರವದಿಂದ ನೋಡುತ್ತಿತ್ತು. ಅವಳ ಮನೆಯಲ್ಲಿ ಒಂದೇ ತಟ್ಟೆ, ಒಂದೇ ಚಾಪೆ.

ಹಿತ್ತಿಲಿನಲ್ಲಿ ಕಾಶವ್ವ ಗೋಡೆಗೆ ಒರಗಿ ಕೂತು ಹಳೆಯ ಕೌದಿಗೆ ತೇಪೆ ಹಾಕುತ್ತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕೂತೆ.

"ಕಾಶೀ, ನಿನ್ನ ಕಾವ್ಯ ಪೂರ್ತಿ ಇಲ್ಲ."

"ಏನಂದಿ?"

"ಅದಕ್ಕ ಇನ್ನೂ ಎಂಟು ಸಾಲು ಅದಾವ. ಒಪ್ಪಿಸೂ ದಿನ ನಾ ಮಾಸ್ತರಿಗೆ ಕೊಡಲಿಲ್ಲ. ಇಟ್ಕೊಂಡೆ. ಇನ್ನೂ ನನ್ನ ಹತ್ರನ ಅದಾವ."

ಅವಳು ಮೊದಲು ನಕ್ಕಳು. "ಎಂಟು ಸಾಲಾ? ನಿನ್ನ ಮಾರಿ ನೋಡಿ ಯಾರೋ ಸತ್ರು ಅನ್ಕೊಂಡೆ." ಆಮೇಲೆ ಸೂಜಿಯನ್ನು ಕೌದಿಗೆ ಚುಚ್ಚಿ ನಿಲ್ಲಿಸಿದಳು. ನನ್ನನ್ನು ನೋಡಿದಳು. ನಗು ಎಲ್ಲಿಗೆ ಹೋಯಿತೋ. ಒಳಗೆ ಅಕ್ಕಿ ಆಡಿಸುವ ಸದ್ದು ಕೇಳುತ್ತಿತ್ತು.

"ಪಾಠ ಬ್ಯಾಡ. ಸುಮ್ಮನ ಮಾತಿನಾಗ ಹೇಳು. ಆಕಿ ಏನ ಮಾಡ್ತಾಳ?"

"ಏಳ್ತಾಳ. ಸಮುದ್ರದ ನೀರಿನಾಗ ಮಾರಿ ತೊಳ್ಕೊತಾಳ. ದೋಣಿ ತಿರುಗಸ್ಕೊಂಡು ಮನಿಗೆ ಬರ್ತಾಳ. ಬಾಗಲಾ ತಗೀತಾಳ, ಬೂದಿ ಬಳೀತಾಳ, ಒಲಿ ಹಚ್ಚಿ ನೀರು ಇಡ್ತಾಳ."

"ಗಂಡ?"

"ಸಿಗೂದಿಲ್ಲ."

"ಅಳ್ತಾಳೇನು?"

"ಅದು ಇಲ್ಲ. ನೀರು ಕುದಿಯಾಕತ್ತಿತು ಅಂತ ಐತಿ. ಅಲ್ಲಿಗೆ ಮುಗೀತೈತಿ."

ಕಾಶವ್ವ ತಲೆಯಾಡಿಸಿದಳು, ದೂರದ ಊರಿನಿಂದ ಯಾರದೋ ಸುದ್ದಿ ಬಂದವರ ಹಾಗೆ. ಕೌದಿಯ ಅಂಚನ್ನು ಬೆರಳಿನಿಂದ ತೀಡುತ್ತ ಕೂತಳು.

"ನೀಲಕಂಠನ ಮಾತು ತಂದಿದ್ದಿ ನೋಡು, ಅವತ್ತು ನಿನ್ನ ಬಾಯಾಗ ಇದ್ದುವೇನು?"

"ಇದ್ದು."

"ನಾ ಹೆಂಗ ಏಳ್ಲಿ ಅಂತ ನಿನ್ನ ಕೇಳಿದೆ."

"ಕೇಳಿದಿ."

"ನೀ ಚಾ ಕುಡಿದು ಹೋದಿ."

"ಹೋದೆ."

"ಅವತ್ತು ಮನ್ಯಾಗ ಸಕ್ರಿ ಇರಲಿಲ್ಲ. ಬೆಲ್ಲ ಹಾಕಿ ಮಾಡಿದ್ದೆ." ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತು. "ಮಾಸ್ತರು ಸಾಯೂಮುಂದ ಎರಡು ಸಲ ಕೇಳಿದ್ರು. ನಾ ಏನಿಲ್ಲ ಅಂದೆ. ನನ್ನ ಬಾಯಿಂದ ಸುಳ್ಳು ಹೇಳಸಿದಿ, ಚಂಪೀ. ಸಾಯೋ ಮನಷಾಗ."

ನಾನು ಅವಳ ಕಾಲಿಗೆ ಕೈ ಹಾಕಲು ಹೋದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ. ಅದೆಲ್ಲ ಬ್ಯಾಡ." ಕೌದಿಯನ್ನು ಮಡಿಲಿಗೆ ಎಳೆದುಕೊಂಡು ಅಂದಳು, "ಕೊನೀ ಗೊತ್ತಿದ್ರ ಎದ್ದು ಹೋಗ್ತಿದ್ದೆ ಅಂತ ನಾ ಅನ್ನೂದಿಲ್ಲ. ಗೊತ್ತಿದ್ರೂ ಕೂಡ್ತಿದ್ನೇನೋ. ಭರಮಪ್ಪನ ಮ್ಯಾಲ ಜೀವ ಇತ್ತು ನನಗ. ಆದ್ರ ಏಳಬಹುದು ಅಂತ ಯಾರರ ಒಂದು ಮಾತು ಹೇಳಬೇಕಿತ್ತು. ಒಬ್ರೂ ಹೇಳಲಿಲ್ಲ. ಹೇಳಾಕ ಬರ್ತಿದ್ದವಳು ನೀ ಒಬ್ಬಾಕಿ ಇದ್ದಿ."

ಅವ್ವ ಸತ್ತ ಕಥೆ, ಆರಿದ ಒಲೆಯ ಕಥೆ ಎಲ್ಲ ಬಾಯಿಯವರೆಗೆ ಬಂದಿತ್ತು. ಅವಳ ಮುಂದೆ ಅವನ್ನು ಹರವಲು ನಾಚಿಕೆಯಾಯಿತು. ನನ್ನ ಒಲೆ ನಲವತ್ತೊಂದು ವರ್ಷ ಉರಿದಿತ್ತಲ್ಲ.

"ಕಸ್ತೂರಿಗೆ ನಾ ಹೇಳಿಕೊಡ್ತೀನಿ," ಅಂದೆ. "ನಾಳಿ ನೀ ನಿನ್ನದು ಕೊಟ್ಟು ನಿಲ್ಲಿಸು. ಅಲ್ಲಿಂದ ಮುಂದಿನ ಎಂಟು ಸಾಲು ನಾ ಕೊಡ್ತೀನಿ. ಆಕಿಗೆ ಪೂರ್ತಿ ಸಿಗ್ಲಿ. ಆಮ್ಯಾಲ ಕೂಡೂದು, ಏಳೂದು ಆಕಿ ಮನಸು."

"ಇಲ್ಲ." ಕಾಶವ್ವ ಕೌದಿಯನ್ನು ಮಡಚಿ ಬದಿಗಿಟ್ಟಳು. "ಮೊದಲು ನನಗ ಕೊಡು."

"ನಿನಗ?"

"ನನ್ನ ಕಾವ್ಯ ಅದು. ನಾಳಿ ಮುಂಜಾನೆ ತನಕ ಆದ್ರೂ ನನ್ನ ಹತ್ರ ಪೂರ್ತಿ ಇರಲಿ. ಒಂದ ಸಲ ಆಕೀನ್ನ ನಾನೂ ಮನೀಗೆ ಕರ್ಕೊಂಡು ಬರ್ತೀನಿ."

ಅವಳು ಎದ್ದು ಹೋಗಿ ಹಂಡೆಯ ನೀರಿನಲ್ಲಿ ಕೈಕಾಲು ತೊಳೆದು, ಸೆರಗು ಹೊದ್ದುಕೊಂಡು ಬಂದು ಮೂಡಣಕ್ಕೆ ಮುಖ ಮಾಡಿ ಕೂತಳು. ಪಡಸಾಲೆಯಲ್ಲಿ ಅಕ್ಕಿಯ ಸದ್ದು ನಿಂತಿತ್ತು. ಕಸ್ತೂರಿ ಬಾಗಿಲ ಹತ್ತಿರ ಬಂದು ನಿಂತಿದ್ದಾಳೆಂದು ಗೊತ್ತಾಯಿತು. ಅವಳು ಎಷ್ಟು ಕೇಳಿಸಿಕೊಂಡಿದ್ದಳೋ ತಿಳಿಯದು. ತುಟಿ ಬಿಗಿಹಿಡಿದಿದ್ದಳು. ಕಾಶವ್ವ ಅವಳ ಕಡೆ ತಿರುಗದೆ, "ಹಂಗ ನಿಂದ್ರವಾ, ನಾಳಿ ನಿನ್ನ ಪಾಳಿ," ಅಂದಳು.

ನಾನು ಮನಸ್ಸಿನಲ್ಲಿ ಚೌಡವ್ವನಿಗೆ ಕೈಮುಗಿದು, ಆಮೇಲೆ ಇಗರ್ಜಿಯ ಹಿಂದಿನ ಆ ಮಣ್ಣಿಗೂ ಕೈಮುಗಿದೆ. ನಾಳೆ ಬೆಳಿಗ್ಗೆ ದೀಪದ ಮುಂದೆ ಹೇಳಲು ನನಗೇನೂ ಇರುವುದಿಲ್ಲ ಎಂಬುದು ನೆನಪಾಯಿತು. ಇಂದಿಗೂ ದೀಪ ಹಚ್ಚಿ ಸುಮ್ಮನೆ ಕೂರುತ್ತೇನೆ. ಚೌಡವ್ವನೂ ಸುಮ್ಮನಿರುತ್ತಾಳೆ.

ಕಾಶವ್ವ ಕಣ್ಣು ಮುಚ್ಚಿ ಬೊಗಸೆ ಒಡ್ಡಿದಳು. ಅಂಗೈಯಲ್ಲಿ ಸೂಜಿ ಚುಚ್ಚಿದ ಸಣ್ಣ ಗುರುತುಗಳಿದ್ದವು. ನಾನು ಮೊದಲನೆಯ ಸಾಲು ಹೇಳಿದೆ. ಅವಳು ತಿರುಗಿ ಹೇಳಿ, "ಬಂತು" ಅಂದಳು. ಎರಡನೆಯದು ಹೇಳಿದೆ. ಮೂರನೆಯದರಲ್ಲಿ ಅವಳ ದನಿ ತಡವರಿಸಿತು. ಮತ್ತೊಮ್ಮೆ ಕೇಳಿದಳು, ಮತ್ತೊಮ್ಮೆ ಕೊಟ್ಟೆ. ಹೀಗೆ ಒಂದೊಂದಾಗಿ, ಅವಸರವಿಲ್ಲದೆ, ಕೊಟ್ಟ ಸಾಲು ಕೊಟ್ಟಂತೆ ನನ್ನೊಳಗೆ ಆರುತ್ತ ಹೋಯಿತು. ಎಂಟನೆಯದನ್ನು ಹೇಳಿ ಮುಗಿಸಿದಾಗ ನಾನು ಏನು ಹೇಳಿದೆನೆಂದು ನನಗೇ ತಿಳಿಯಲಿಲ್ಲ. ಅವಳು ಅದನ್ನು ಮೆಲ್ಲಗೆ, ಪೂರ್ತಿಯಾಗಿ, ತಿರುಗಿ ಹೇಳಿ ಬೊಗಸೆ ಮುಚ್ಚಿಕೊಂಡಳು.